ವಿಶ್ವೇಶ್ವರಯ್ಯನವರ ಮೋಟಾರಿನ ಕನಸು

ವಿಶ್ವೇಶ್ವರಯ್ಯನವರನ್ನು ಕುರಿತು ಲೇಖನ ಬರೆಯುತ್ತೇನೆಂದು ನಾನು ಹೇಳಿದಾಗ ಸಹಪಾಠಿಗಳು ನಕ್ಕರು. ಅವರ ನಗೆ ಅಕಾರಣವಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯೆಂದ ಮೇಲೆ ಕನ್ನಂಬಾಡಿ ಕಟ್ಟೆಯ ಚಿತ್ರವೊಂದು, ಪೇಟ ಧರಿಸಿದ ಆ ಮಹನೀಯರ ಭಾವಚಿತ್ರವೊಂದು ಇರಲೇಬೇಕೆಂಬ ಶಾಸ್ತ್ರ ಎಲ್ಲ ಕಡೆಯೂ ಇದ್ದಂತಿದೆ. ಆದರೆ ನಾನು ಬರೆಯಹೊರಟಿರುವುದು ಅಣೆಕಟ್ಟನ್ನು ಕುರಿತಲ್ಲ. ಅವರು ಕಟ್ಟಿದ್ದನ್ನು ಎಲ್ಲರೂ ಬಲ್ಲರು; ಕಟ್ಟಬೇಕೆಂದು ಹಂಬಲಿಸಿ ಕಟ್ಟಲಾಗದೆ ಹೋದ ಒಂದನ್ನು ಬಲ್ಲವರು ಕಡಿಮೆ. ಅದು ಮೋಟಾರು ಕಾರ್ಖಾನೆ. ಈ ವಿಷಯಕ್ಕೆ ನಾನು ಪ್ರವೇಶಿಸಿದ್ದು ಗ್ರಂಥಾಲಯದ ಬಾಗಿಲಿನಿಂದಲ್ಲ, ಶಿರಾಳಕೊಪ್ಪದ ಒಂದು ಗ್ಯಾರೇಜಿನ ಬಾಗಿಲಿನಿಂದ.

ನಮ್ಮೂರು ಸೊರಬ ತಾಲ್ಲೂಕಿನ ಕ್ಯಾಸನೂರು. 1957ರಲ್ಲಿ ನಮ್ಮ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಜನರಿಗೂ ಜ್ವರ ತಗುಲಿ, ಆ ಕಾಯಿಲೆಗೆ ಊರಿನ ಹೆಸರೇ ನಿಂತಿತು. ಹೀಗಾಗಿ ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಕ್ಯಾಸನೂರು ಇದೆ. ಆದರೆ ನಮ್ಮ ಮನೆಯಲ್ಲಿ ನನಗಿಂತ ಮೊದಲು ಗ್ರಂಥವೆಂಬುದನ್ನು ಕೈಯಲ್ಲಿ ಹಿಡಿದವರಿಲ್ಲ. ಅಜ್ಜ ಹುಡುಗನಾಗಿದ್ದಾಗ ನಾಟಾ ಸಾಗಿಸುವ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದ. ಆ ಲಾರಿಯ ಹೆಸರು ಫಾರ್ಗೋ. ಮಳೆಗಾಲದ ಮುಂಜಾನೆ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿ ಅದನ್ನು ಎಬ್ಬಿಸುತ್ತಿದ್ದ ಕಥೆಯನ್ನು ಅವನು ಇಂದಿಗೂ ಹೇಳುತ್ತಾನೆ. ಅವನ ಬಾಯಲ್ಲಿ ಫಾರ್ಗೋ ಎಂಬುದು ಒಂದು ಲಾರಿಯ ಹೆಸರಲ್ಲ, ಮನೆಯಲ್ಲಿ ಸಾಕಿದ ಎತ್ತಿನ ಹೆಸರಿದ್ದಂತೆ.

ಎರಡು ವರ್ಷದ ಹಿಂದೆ ಅಪ್ಪ ಓಡಿಸುವ ಟ್ರ್ಯಾಕ್ಟರಿನ ರಿಪೇರಿಗೆಂದು ಹೋದಾಗ ಆ ಗ್ಯಾರೇಜಿನ ಗೋಡೆಯ ಮೇಲೆ ಒಂದು ಬಣ್ಣದ ಚಿತ್ರ ಕಂಡಿತು. ಕಪ್ಪು ಬಣ್ಣದ ಅಮೆರಿಕದ ಕಾರು. 1968ರ ಡಾಜ್ ಚಾರ್ಜರ್ ಎಂದು ಕೆಳಗೆ ಬರೆದಿತ್ತು. ಮೇಸ್ತ್ರಿಗಳು ಅದರ ಧೂಳನ್ನು ದಿನವೂ ಒರೆಸುತ್ತಾರೆಂದು ಕೆಲಸದ ಹುಡುಗ ಹೇಳಿದ. ಅಂಥ ಕಾರನ್ನು ಮೇಸ್ತ್ರಿಗಳೂ ಕಂಡಿಲ್ಲ, ಆ ಹುಡುಗನೂ ಕಂಡಿಲ್ಲ, ನಾನೂ ಕಂಡಿಲ್ಲ. ಕಾಣದ ವಸ್ತುವಿನ ಮೇಲೆ ಮೂವರಿಗೂ ಇಷ್ಟು ಮೋಹ ಹುಟ್ಟಲು ಕಾರಣವೇನು?

ಈ ಬಗೆಯ ಕಾರುಗಳನ್ನು ಅಮೆರಿಕದವರು ಮಸಲ್ ಕಾರ್ ಎಂದು ಕರೆದರು. ನಮ್ಮ ಮಾತಿನಲ್ಲಿ ಇದನ್ನು ಗರಡಿಯಾಳು ಎನ್ನಬಹುದು. ಇದರ ಸೂತ್ರ ಸರಳವಾದುದು. ಮಧ್ಯಮ ಗಾತ್ರದ ಎರಡು ಬಾಗಿಲಿನ ಗಾಡಿಯನ್ನು ತೆಗೆದುಕೊಂಡು, ದೊಡ್ಡ ಗಾಡಿಗೆ ಹಾಕುವಂಥ ಎಂಟು ಸಿಲಿಂಡರಿನ ಇಂಜಿನ್ನನ್ನು ಅದರ ಎದೆಗೆ ತುಂಬುವುದು. ಬೆಲೆಯನ್ನು ದುಡಿಯುವ ಯುವಕನ ಕೈಗೆ ಎಟುಕುವಂತೆ ಇಡುವುದು. 1964ರಲ್ಲಿ ಪಾಂಟಿಯಾಕ್ ಕಂಪನಿಯ ಜಿ.ಟಿ.ಓ. ಈ ಸೂತ್ರವನ್ನು ಜನಪ್ರಿಯಗೊಳಿಸಿತು. ಅದರ ಇಂಜಿನ್ನಿಗೆ 325 ಅಶ್ವಶಕ್ತಿ. 1968ರಲ್ಲಿ ಬಂದ ಪ್ಲಿಮತ್ ರೋಡ್ ರನ್ನರ್ ಎಂಬ ಗಾಡಿಯಲ್ಲಿ ಅಲಂಕಾರವನ್ನೆಲ್ಲ ಕಿತ್ತುಹಾಕಿ ಬೆಲೆ ಇಳಿಸಿದರು, ಬಲವನ್ನು ಮಾತ್ರ ಇಳಿಸಲಿಲ್ಲ. ಕ್ರೈಸ್ಲರ್ ಕಂಪನಿಯ ಹೆಮಿ ಎಂಬ ಇಂಜಿನ್ನಿನಲ್ಲಿ ಇಂಧನ ಉರಿಯುವ ಕೋಣೆಯ ಮೇಲ್ಭಾಗ ಅರ್ಧಗೋಳದಂತಿತ್ತು. ಅದರಿಂದ ದೊಡ್ಡ ವಾಲ್ವುಗಳನ್ನು ಕೂರಿಸಲು ಜಾಗವಾಗಿ, ಇಂಜಿನ್ನು ಧಾರಾಳವಾಗಿ ಉಸಿರಾಡುತ್ತಿತ್ತು. ಸುಮಾರು 7 ಲೀಟರಿನ ಆ ಇಂಜಿನ್ನಿಗೆ ಕಂಪನಿ ಹೇಳಿದ ಬಲ 425 ಅಶ್ವಶಕ್ತಿ.

ಮೈಕಟ್ಟಿನ ವಿಷಯವೂ ಹಾಗೆಯೇ. ಮುಂಭಾಗ ಉದ್ದ, ಹಿಂಭಾಗ ಮೋಟು. ಮುಂದಿನ ಮತ್ತು ಹಿಂದಿನ ಚಕ್ರಗಳ ಬಳಿ ಉಬ್ಬಿದ ಮೈ ನಡುವಿನಲ್ಲಿ ಸಣ್ಣಗಾಗುತ್ತದೆ. ಪೈಲ್ವಾನನ ಹೆಗಲು, ಸೊಂಟ, ತೊಡೆಗಳನ್ನು ನೆನೆದರೆ ಈ ಗೆರೆ ಅರ್ಥವಾಗುತ್ತದೆ. ಚಾರ್ಜರ್ ಕಾರಿನ ದೀಪಗಳು ಮುಂಭಾಗದ ಜಾಲರಿಯ ಹಿಂದೆ ಅಡಗಿರುತ್ತವೆ. ಹಗಲಿನಲ್ಲಿ ಅದಕ್ಕೆ ಕಣ್ಣುಗಳೇ ಇಲ್ಲದಂತೆ ತೋರಿ ನೋಡುವವನ ಮನಸ್ಸಿನಲ್ಲಿ ಒಂದು ಬಗೆಯ ಭಯವನ್ನು ಹುಟ್ಟಿಸುತ್ತದೆ. ನಿಂತಲ್ಲೇ ಓಡುವಂತೆ ಕಾಣುವುದು ಇದರ ಮೋಡಿ. ಆದರೆ ದೋಷವನ್ನೂ ಹೇಳಬೇಕು. ನೇರ ದಾರಿಯಲ್ಲಿ ಸಿಂಹವಾದ ಈ ಗಾಡಿಗಳು ತಿರುವಿನಲ್ಲಿ ತಡವರಿಸುತ್ತಿದ್ದವು. ಬಲಕ್ಕೆ ತಕ್ಕ ಬ್ರೇಕು ಎಷ್ಟೋ ಗಾಡಿಗಳಿಗೆ ಇರಲಿಲ್ಲ. ಆಗುಂಬೆ ಘಾಟಿಯಲ್ಲಿ ಇವು ಏನಾಗುತ್ತಿದ್ದವೋ ದೇವರೇ ಬಲ್ಲ.

ಚಿತ್ರದ ಕೆಳಗಿದ್ದ ಡಾಜ್ ಎಂಬ ಹೆಸರನ್ನು ಹಿಡಿದು ಓದುತ್ತ ಹೋದಾಗ ನನಗೊಂದು ಸಂಗತಿ ತಿಳಿಯಿತು. ಡಾಜ್, ಪ್ಲಿಮತ್, ಫಾರ್ಗೋ ಈ ಮೂರೂ ಕ್ರೈಸ್ಲರ್ ಕಂಪನಿಯ ಹೆಸರುಗಳೇ. ಅಜ್ಜನ ನಾಟಾ ಲಾರಿಯೂ ಗೋಡೆಯ ಮೇಲಿನ ಆ ಗರಡಿಯಾಳೂ ಒಂದೇ ಮನೆತನದವರು! ಈ ಮನೆತನ ನಮ್ಮ ದೇಶಕ್ಕೆ ಬಂದದ್ದು ಹೇಗೆಂದು ಹುಡುಕಿದಾಗ ದಾರಿಯ ಮೊದಲಿಗೆ ನಿಂತಿದ್ದವರು, ನಾನು ಸ್ವಲ್ಪವೂ ನಿರೀಕ್ಷಿಸದ ವ್ಯಕ್ತಿ, ಸರ್ ಎಂ. ವಿಶ್ವೇಶ್ವರಯ್ಯನವರು.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮಗ ಬಾಲ್ಯ ಕಳೆಯುವ ಮೊದಲೇ ಅವರು ತೀರಿಕೊಂಡರು. ಹುಡುಗ ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದ. ಇಂಜಿನಿಯರುಗಳ ಪಿತಾಮಹರೆನಿಸಿದವರು ಮೊದಲು ನಮ್ಮ ಹಾಗೆ ಬಿ.ಎ. ಓದಿದವರೇ ಎಂಬುದು ನಮ್ಮ ಕಾಲೇಜಿನವರಿಗೆ ಸಮಾಧಾನ ಕೊಡುವ ಮಾತಲ್ಲವೆ? ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ಈ ವಿದ್ಯಾರ್ಥಿವೇತನದ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಪುಣೆಯ ಬಳಿಯ ಖಡಕ್‌ವಾಸಲಾ ಜಲಾಶಯಕ್ಕೆ 1903ರಲ್ಲಿ ತಾವೇ ಕಂಡುಹಿಡಿದ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಿಸಿದರು. ನೀರು ಏರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚುವ ಬಾಗಿಲುಗಳು. 1908ರ ಮೂಸಿ ಪ್ರವಾಹದ ತರುವಾಯ ಹೈದರಾಬಾದನ್ನು ಕಾಪಾಡುವ ಯೋಜನೆ ಮಾಡಿದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ, 1912ರಲ್ಲಿ ದಿವಾನರಾಗಿ ಬಂದರು. ಕೃಷ್ಣರಾಜಸಾಗರ, ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ ಇವೆಲ್ಲ ಪಠ್ಯಪುಸ್ತಕದಲ್ಲಿ ಇರುವುದರಿಂದ ನಾನು ಮತ್ತೆ ಬರೆಯುವುದಿಲ್ಲ.

ಆದರೆ ನಮ್ಮ ಜಿಲ್ಲೆಯ ಭದ್ರಾವತಿಯ ಬಳಿ ಸ್ವಲ್ಪ ನಿಲ್ಲಬೇಕು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯಿಂದ ಸುಟ್ಟ ಇದ್ದಿಲು, ಭದ್ರಾ ನದಿಯ ನೀರು ಈ ಮೂರನ್ನೂ ಕೂಡಿಸಿ ಕಬ್ಬಿಣ ತೆಗೆಯುವ ಕಾರ್ಖಾನೆ ಅವರ ದಿವಾನಗಿರಿಯ ಕಾಲದ ಯೋಜನೆ. 1923ರ ಜನವರಿಯಲ್ಲಿ ಕುಲುಮೆಗೆ ಬೆಂಕಿ ಬಿತ್ತು. ಆ ವೇಳೆಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟಕ್ಕೆ ಬಿತ್ತು. ದಿವಾನಗಿರಿಯನ್ನು ಬಿಟ್ಟು ನಾಲ್ಕು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನೇ ಕರೆಸಿ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿದರು. ಹುಟ್ಟಿಸಿದವರೇ ಬಂದು ಶುಶ್ರೂಷೆ ಮಾಡಬೇಕಾಯಿತು. 1929ರವರೆಗೆ ಅವರು ಅದನ್ನು ನಡೆಸಿದರು. ಖರ್ಚನ್ನು ಬಿಗಿಹಿಡಿದು, ಪರದೇಶದ ತಜ್ಞರ ಸ್ಥಾನಕ್ಕೆ ನಮ್ಮವರನ್ನು ತಯಾರು ಮಾಡಿ, ಅದನ್ನು ನಿಲ್ಲುವಂತೆ ಮಾಡಿದರು. 1930ರ ದಶಕದಲ್ಲಿ ಅಲ್ಲಿ ಉಕ್ಕೂ ತಯಾರಾಯಿತು.

ಮೋಟಾರಿನ ಕನಸು ಈ ಹಿನ್ನೆಲೆಯಲ್ಲಿ ಹುಟ್ಟಿತೆಂದು ನನಗೆ ತೋರುತ್ತದೆ. ಕಬ್ಬಿಣವನ್ನು ಮಾಡಿ ಮಾರುವವನು ಕೂಲಿಗಾರನಾಗಿಯೇ ಉಳಿಯುತ್ತಾನೆ. ಅದೇ ಕಬ್ಬಿಣದಿಂದ ಯಂತ್ರ ಮಾಡುವವನು ಧನಿಯಾಗುತ್ತಾನೆ. ಒಂದು ಮೋಟಾರಿಗೆ ಉಕ್ಕು ಬೇಕು, ರಬ್ಬರ್ ಬೇಕು, ಗಾಜು ಬೇಕು, ಬಣ್ಣ ಬೇಕು, ಚರ್ಮ ಬೇಕು, ವಿದ್ಯುತ್ ಸಾಮಗ್ರಿ ಬೇಕು. ಆದ್ದರಿಂದ ಮೋಟಾರು ಕಾರ್ಖಾನೆ ಒಂದು ಬಂದರೆ ಅದರ ಬೆನ್ನಿಗೆ ಹತ್ತಾರು ಕಸುಬುಗಳು ಬರುತ್ತವೆ. 1934ರಲ್ಲಿ ಅವರು ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ದೇಶಕ್ಕೆ ಹತ್ತು ವರ್ಷದ ಯೋಜನೆ ಬೇಕೆಂದು ಪರರ ಆಳ್ವಿಕೆಯ ಕಾಲದಲ್ಲೇ ಲೆಕ್ಕ ಹಾಕಿದರು. ಮರುವರ್ಷ ಮೋಟಾರು ಉದ್ಯಮವನ್ನು ಕಣ್ಣಾರೆ ನೋಡಿ ಬರಲು ಯುರೋಪಿಗೂ ಅಮೆರಿಕಕ್ಕೂ ಹೊರಟರು.

ಆಗ ಅವರ ವಯಸ್ಸು ಎಪ್ಪತ್ತೈದರ ಸಮೀಪ. ನಮ್ಮ ಊರುಗಳಲ್ಲಿ ಆ ವಯಸ್ಸಿನವರು ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಾರೆ. ಇವರು ಹಡಗು ಹತ್ತಿ ಮೋಟಾರು ಕಾರ್ಖಾನೆಗಳ ಬಾಗಿಲಿಗೆ ಹೋದರು.

ಅಮೆರಿಕದ ಮೋಟಾರು ರಾಜಧಾನಿಯಾದ ಡೆಟ್ರಾಯಿಟ್ ಆಗ ಹೇಗಿತ್ತೆಂಬುದನ್ನು ತಿಳಿದರೆ ಅವರ ಹಂಬಲ ಅರ್ಥವಾದೀತು. ಹೆನ್ರಿ ಫೋರ್ಡ್ 1908ರಲ್ಲಿ ಸಾಮಾನ್ಯನಿಗಾಗಿ ಮಾಡೆಲ್ ಟಿ ಕಾರನ್ನು ಹೊರಡಿಸಿ, 1913ರಲ್ಲಿ ಗಾಡಿಯೇ ಕೆಲಸಗಾರನ ಮುಂದೆ ಸಾಗಿ ಬರುವ ಪದ್ಧತಿಯನ್ನು ತಂದಿದ್ದ. ರೂಜ್ ನದಿಯ ಬಳಿ ಅವನು ಕಟ್ಟಿದ ಕಾರ್ಖಾನೆಯಲ್ಲಿ ಒಂದು ಕಡೆ ಅದಿರು ಒಳಗೆ ಹೋದರೆ ಇನ್ನೊಂದು ಕಡೆ ಕಾರು ಹೊರಗೆ ಬರುತ್ತಿತ್ತು. ಭದ್ರಾವತಿಯ ಕುಲುಮೆಯ ಮುಂದೆ ಆರು ವರ್ಷ ಕಳೆದವರಿಗೆ ಇದರ ಅರ್ಥವನ್ನು ಬೇರೆ ಯಾರೂ ಹೇಳಬೇಕಿರಲಿಲ್ಲ. 1932ರಲ್ಲಿ ಫೋರ್ಡ್ ಎಂಟು ಸಿಲಿಂಡರಿನ ಇಂಜಿನ್ನನ್ನು ಅಗ್ಗದ ಕಾರಿಗೂ ಹಾಕಿದ್ದ. ಅದರ ಬಲ 65 ಅಶ್ವಶಕ್ತಿ. ಅಲ್ಲಿಯವರೆಗೆ ಅಂಥ ಇಂಜಿನ್ನು ಸಿರಿವಂತರ ಸೊತ್ತು. ಮುಂದೆ ಆ ದೇಶದ ಹುಡುಗರು ಆ ಹಳೆಯ ಗಾಡಿಗಳನ್ನು ಅಗ್ಗಕ್ಕೆ ಕೊಂಡು, ಮೈ ಹಗುರ ಮಾಡಿ, ಇಂಜಿನ್ನನ್ನು ಕೆರಳಿಸಿ ಓಡಿಸಿದರು. ಆ ಹುಚ್ಚೇ ಮೂವತ್ತು ವರ್ಷಗಳ ಬಳಿಕ ಮಸಲ್ ಕಾರುಗಳಾಗಿ ಕಂಪನಿಗಳಿಂದಲೇ ಹೊರಬಂದಿತು. ನನ್ನ ಗ್ಯಾರೇಜಿನ ಚಿತ್ರದ ಬೀಜ ಮೊಳೆತಿದ್ದ ಕಾಲಕ್ಕೇ ವಿಶ್ವೇಶ್ವರಯ್ಯನವರು ಅಮೆರಿಕದಲ್ಲಿ ಓಡಾಡಿದ್ದರು.

ನಾವು ಕಾರಿನ ಮೈಯನ್ನು ನೋಡುತ್ತೇವೆ. ಅವರು ಅದು ಹೊರಬರುವ ಬಾಗಿಲನ್ನು ನೋಡಿದರು. ನಮಗೂ ಅವರಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಅದು ಬಹಳ ದೊಡ್ಡದು.

ಹಿಂತಿರುಗಿ ಬಂದು 1936ರಲ್ಲಿ ಯೋಜನೆಯನ್ನು ಸಿದ್ಧಪಡಿಸಿದರು. ಬಂಡವಾಳಗಾರರ ಪೈಕಿ ವಾಲ್‌ಚಂದ್ ಹೀರಾಚಂದರು ಮುಂದೆ ಬಂದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ನೆರವಿನ ಮಾತು ಕೊಟ್ಟಿತ್ತು. 1939ರಲ್ಲಿ ಯುದ್ಧ ಬಂದು ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ವಾಲ್‌ಚಂದರು ಅಮೆರಿಕಕ್ಕೆ ಹೋಗಿ ಕಂಪನಿಗಳ ಬಾಗಿಲು ತಟ್ಟಿದರು. ಜನರಲ್ ಮೋಟಾರ್ಸ್, ಫೋರ್ಡ್ ಇಬ್ಬರ ಕಡೆಯಿಂದಲೂ ಕೆಲಸವಾಗಲಿಲ್ಲ. ಕ್ರೈಸ್ಲರ್ ಒಪ್ಪಿತು. ಇತ್ತ ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಲು ಆಸಕ್ತಿ ತೋರಿ ಪಾಲುದಾರಿಕೆಗೂ ಸಿದ್ಧವಾಯಿತು. ಇನ್ನೇನು ಆಗಿಹೋಯಿತೆನ್ನುವಾಗ ದೆಹಲಿಯ ಬ್ರಿಟಿಷ್ ಸರ್ಕಾರ ಅಡ್ಡ ನಿಂತಿತು. ಯುದ್ಧಕಾಲದಲ್ಲಿ ಇದಕ್ಕೆ ನೆರವು ಸಾಧ್ಯವಿಲ್ಲವೆಂಬುದು ಅವರ ಕಾರಣ. ಯುದ್ಧಕ್ಕೆ ಲಾರಿಗಳು ಬೇಕಾಗಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಬೇಕಾಗಿದ್ದವು, ಆದರೆ ನಾವು ಮಾಡಿದ ಲಾರಿಗಳು ಅವರಿಗೆ ಬೇಕಾಗಿರಲಿಲ್ಲ.

ಇದರಲ್ಲೊಂದು ವಿಚಿತ್ರವೂ ನಡೆಯಿತು. ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದೊಡನೆ ಕೂಡಿ, ಪಾಲಿ ಎಂಬ ಅಮೆರಿಕದವನ ಸಹಾಯದಿಂದ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಇಂದಿನ ಎಚ್.ಎ.ಎಲ್. ನೆಲದ ಮೇಲೆ ಓಡುವ ಗಾಡಿಗೆ ಅಪ್ಪಣೆ ಸಿಗದ ರಾಜ್ಯದಲ್ಲಿ ಆಕಾಶದಲ್ಲಿ ಹಾರುವ ಗಾಡಿಗೆ ದಾರಿಯಾಯಿತು. ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಹುಟ್ಟುಹಾಕಿದರು. 1947ರಿಂದ ಕುರ್ಲಾದ ಕಾರ್ಖಾನೆಯಲ್ಲಿ ಕ್ರೈಸ್ಲರಿನ ಭಾಗಗಳನ್ನು ಜೋಡಿಸಿ ಡಾಜ್, ಪ್ಲಿಮತ್, ಡಿಸೋಟೊ ಗಾಡಿಗಳನ್ನು ಹೊರತಂದರು. ಲಾರಿಗಳಿಗೆ ಫಾರ್ಗೋ ಎಂಬ ಹೆಸರೂ ಬಂದಿತು. ನಮ್ಮ ಅಜ್ಜ ಹ್ಯಾಂಡಲ್ ತಿರುವಿದ ಆ ಲಾರಿ ಹೀಗೆ ವಿಶ್ವೇಶ್ವರಯ್ಯನವರ ಕನಸಿನ ಒಂದು ತುಣುಕು. ಕನಸು ಬೆಂಗಳೂರಿನಲ್ಲಿ ನನಸಾಗದೆ ಮುಂಬಯಿಯಲ್ಲಿ ಅರ್ಧ ನನಸಾಗಿ, ಕಾಲು ಭಾಗ ಕ್ಯಾಸನೂರಿನ ಕಾಡುದಾರಿಗೆ ಬಂದಿತ್ತು!

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಸುಖಾಂತವಾಗುತ್ತಿತ್ತು. ಆದರೆ ಬರೆಯದೆ ಬಿಟ್ಟರೆ ನನ್ನ ಮನಸ್ಸು ಒಪ್ಪದ ಸಂಗತಿಯೊಂದಿದೆ. ವಿಶ್ವೇಶ್ವರಯ್ಯನವರು 1918ರ ಕೊನೆಗೆ ದಿವಾನಗಿರಿಯನ್ನು ಬಿಟ್ಟದ್ದೇಕೆ? ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರ ಸಮಾಜಗಳಿಗೆ ಪಾಲು ಬೇಕೆಂಬ ಕೂಗು ಆಗ ಎದ್ದಿತ್ತು. ಮಹಾರಾಜ ಕೃಷ್ಣರಾಜ ಒಡೆಯರು ಅದನ್ನು ಪರಿಶೀಲಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಕೆಲಸಕ್ಕೆ ಅರ್ಹತೆಯೊಂದೇ ಅಳತೆಯಾಗಬೇಕು, ಹಿಂದುಳಿದವರನ್ನು ಶಿಕ್ಷಣದಿಂದ ಮೇಲೆತ್ತಬೇಕು ಎಂಬುದು ಅವರ ನಿಲುವು. ಅದು ಬರಿಯ ಬಾಯಿಮಾತಲ್ಲ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ಅವರ ಕಾಲದಲ್ಲೇ, 1913ರಲ್ಲಿ, ಬಂದಿತ್ತು. ಆದರೂ ಈ ಪ್ರಶ್ನೆಯಲ್ಲಿ ಅವರು ಮಹಾರಾಜರೊಡನೆ ಹೊಂದಿಕೊಳ್ಳಲಾರದೆ ಹೊರನಡೆದರು.

ನಾನು ಈ ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವುದು ಮೀಸಲಾತಿ, ವಿದ್ಯಾರ್ಥಿವೇತನ, ಸರ್ಕಾರಿ ಹಾಸ್ಟೆಲ್ಲು ಇವುಗಳ ಕೃಪೆಯಿಂದ. ಕೃಪೆಯೆಂದು ಬರೆದೆ; ಹಕ್ಕಿನಿಂದ ಎಂದು ಬರೆಯಬೇಕಿತ್ತು. ಅವರ ಮಾತೇ ನಡೆದು ಮಿಲ್ಲರ್ ಸಮಿತಿ ಕೂಡದೆ ಹೋಗಿದ್ದರೆ ನನ್ನಂಥವನಿಗೆ ಈ ದಾರಿ ಇಷ್ಟು ಬೇಗ ತೆರೆಯುತ್ತಿತ್ತೆ ಎಂದು ರಾತ್ರಿ ಹಾಸ್ಟೆಲ್ಲಿನಲ್ಲಿ ಅವರ ಚರಿತ್ರೆ ಓದುತ್ತ ನಾನು ಯೋಚಿಸಿದ್ದೇನೆ. ಅವರು ತಾವೂ ಬಡತನದಿಂದ ಬಂದವರು; ಸರ್ಕಾರದ ವಿದ್ಯಾರ್ಥಿವೇತನ ಕೈ ಹಿಡಿಯದಿದ್ದರೆ ಪುಣೆಯನ್ನು ಕಾಣುತ್ತಿರಲಿಲ್ಲ. ಆದರೆ ಅವರ ಮನೆಯಲ್ಲಿ ಬಡತನದ ಜೊತೆಗೆ ಅಕ್ಷರವಿತ್ತು. ನಮ್ಮ ಮನೆಯಲ್ಲಿ ಬಡತನ ಮಾತ್ರವಿತ್ತು.

ಅಮೆರಿಕದಲ್ಲಿ ಈ ಗರಡಿಯಾಳುಗಳ ಪಂದ್ಯ ಕಾಲು ಮೈಲಿನದು, ಎಂದರೆ ಸುಮಾರು 400 ಮೀಟರಿನದು. ಎರಡು ಗಾಡಿಗಳು ಪಕ್ಕಪಕ್ಕದಲ್ಲಿ ನಿಂತು, ದೀಪ ಬಿದ್ದೊಡನೆ ನೆಗೆಯುತ್ತವೆ. ಯಾವ ಇಂಜಿನ್ನು ಮೇಲೆಂದು ಅಲ್ಲಿ ತಿಳಿಯುವುದು ಎರಡೂ ಒಂದೇ ಗೆರೆಯ ಮೇಲೆ ನಿಂತು ಹೊರಡುವುದರಿಂದ. ಒಂದನ್ನು ಮೈಲಿ ಹಿಂದೆ ಕೆಸರಿನಲ್ಲಿ ನಿಲ್ಲಿಸಿ ಓಡಿಸಿದರೆ ಗೆದ್ದದ್ದು ಇಂಜಿನ್ನೆಂದು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ. ಅರ್ಹತೆಯನ್ನು ಅಳೆಯಬೇಕು, ನಿಜ. ಅದಕ್ಕೆ ಮೊದಲು ಗೆರೆಯನ್ನು ಸರಿಪಡಿಸಬೇಕು. ಇಷ್ಟು ದೊಡ್ಡ ಲೆಕ್ಕಗಾರರಿಗೆ ಈ ಲೆಕ್ಕ ಕಾಣಲಿಲ್ಲವೆಂದು ನಾನು ಸಂಕಟದಿಂದಲೇ ಬರೆಯುತ್ತೇನೆ. ನೇರ ದಾರಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಈ ತಿರುವಿನಲ್ಲಿ ಮಾತ್ರ ಅವರ ಗಾಡಿ ನೇರವಾಗಿಯೇ ಹೋಯಿತು.

ಹಾಗೆಂದು ಅವರ ಮೇಲಿನ ನನ್ನ ಗೌರವ ಇಳಿದಿಲ್ಲ. ಪರೀಕ್ಷೆಗೆ ಓದಿದಾಗ ಅವರು ನನಗೆ ಕಲ್ಲಿನ ಪ್ರತಿಮೆಯಾಗಿದ್ದರು. ಈಗ ವಾದಿಸಬಹುದಾದ ಹಿರಿಯರಾಗಿದ್ದಾರೆ. ಮನೆಯ ಹಿರಿಯರೊಡನೆ ವಾದ ಮಾಡುವವನು ಮನೆ ಬಿಟ್ಟು ಹೋಗುವುದಿಲ್ಲವಷ್ಟೆ. 1955ರಲ್ಲಿ ಭಾರತರತ್ನ ಪಡೆದು, 1960ರಲ್ಲಿ ಶತಮಾನೋತ್ಸವವನ್ನು ಕಂಡು, 1962ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಅವರ ಉಡುಪಿನ ಮಡಿಕೆ ಕೆಡಲಿಲ್ಲ, ವೇಳೆ ತಪ್ಪಲಿಲ್ಲ ಎನ್ನುತ್ತಾರೆ.

ಅವರು ತೀರಿಕೊಂಡ ಎರಡು ವರ್ಷಕ್ಕೆ ಮಸಲ್ ಕಾರುಗಳ ವೈಭವ ಆರಂಭವಾಯಿತು. ಹತ್ತು ವರ್ಷದೊಳಗೆ ಮುಗಿದೂ ಹೋಯಿತು. ವಿಮೆಯ ದರ ಏರಿತು. 1970ರಲ್ಲಿ ಹೊಗೆಯನ್ನು ಹತೋಟಿಗೆ ತರುವ ಕಾನೂನು ಬಿಗಿಯಾಯಿತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಪೆಟ್ರೋಲನ್ನು ನೀರಿನಂತೆ ಕುಡಿಯುವ ಗಾಡಿಗಳನ್ನು ಕೇಳುವವರಿಲ್ಲವಾಯಿತು. ಇತ್ತ ಭದ್ರಾವತಿಯ ಕಾರ್ಖಾನೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತುಕೊಂಡು ಹಲವು ದಶಕ ನಡೆಯಿತು. ಅದನ್ನು ಮುಚ್ಚುವ ನಿರ್ಧಾರವೂ 2023ರ ಜನವರಿಯಲ್ಲಿ, ಕುಲುಮೆಗೆ ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷವಾದ ತಿಂಗಳಲ್ಲೇ, ಹೊರಬಿದ್ದಿತು. ಯಂತ್ರಗಳಿಗೂ ಆಯುಸ್ಸು ಇದೆ. ಯಂತ್ರವನ್ನು ಮಾಡಬಲ್ಲೆನೆಂಬ ಧೈರ್ಯಕ್ಕೆ ಮಾತ್ರ ಹಾಗೆ ಆಯುಸ್ಸು ಗೊತ್ತುಮಾಡಲು ಬರುವುದಿಲ್ಲ.

ಕಳೆದ ದಸರೆಗೆ ಊರಿಗೆ ಹೋದಾಗ ಫೋನಿನಲ್ಲಿ ಚಾರ್ಜರ್ ಕಾರಿನ ಚಿತ್ರವನ್ನು ಅಜ್ಜನಿಗೆ ತೋರಿಸಿ, ಇದು ನಿನ್ನ ಫಾರ್ಗೋ ಲಾರಿಯ ತಮ್ಮನೆಂದು ಹೇಳಿದೆ. ಅಜ್ಜ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ. ಬಣ್ಣವನ್ನಾಗಲಿ ಮೈಯನ್ನಾಗಲಿ ಅವನು ಹೊಗಳಲಿಲ್ಲ. ಇದಕ್ಕೆ ಹ್ಯಾಂಡಲ್ ಹಾಕುವುದು ಎಲ್ಲಿಗೆ ಎಂದು ಕೇಳಿದ. ನನಗೆ ನಗು ಬಂದಿತು, ಆಮೇಲೆ ನಾಚಿಕೆಯಾಯಿತು. ಇಷ್ಟು ದಿನ ಆ ಚಿತ್ರವನ್ನು ನೋಡಿದ ನನಗೆ ಅದು ಹೇಗೆ ಎದ್ದು ನಿಲ್ಲುತ್ತದೆಂದು ಕೇಳಬೇಕೆನಿಸಿರಲಿಲ್ಲ. ಓದು ಬಾರದ ಅಜ್ಜ ವಿಶ್ವೇಶ್ವರಯ್ಯನವರಂತೆ ಮೊದಲು ಯಂತ್ರವನ್ನು ಕೇಳಿದ್ದ. ರಜೆ ಮುಗಿದು ಹಿಂತಿರುಗುವಾಗ ಶಿರಾಳಕೊಪ್ಪದಲ್ಲಿ ಇಳಿದು ಮೇಸ್ತ್ರಿಗಳ ಬಳಿಗೆ ಹೋದೆ. ಬಿಚ್ಚಿಟ್ಟ ಒಂದು ಇಂಜಿನ್ನಿನ ಮುಂದೆ ನನ್ನನ್ನು ಕೂರಿಸಿಕೊಂಡು ಅವರು ಒಂದೊಂದೇ ಭಾಗದ ಹೆಸರನ್ನು ಹೇಳಿಕೊಟ್ಟರು. ಕೈಗೆ ಹತ್ತಿದ ಎಣ್ಣೆ ಎರಡು ದಿನ ಹೋಗಲಿಲ್ಲ.